ತಾವೋ ಅಂದರೆ ಸುಮ್ಮನೆ ಕೂಡುವುದೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದೇನೆ. ಮಗ ಎಂಟನೇ ಇಯತ್ತೆ, ಮಗಳು ಮೂರನೇ ಇಯತ್ತೆ. ನಮ್ಮ ಅಪಾರ್ಟ್‌ಮೆಂಟಿನ ಹತ್ತು-ಹನ್ನೆರಡು ಮಕ್ಕಳನ್ನು ಕೂಡಿಸಿಕೊಂಡು ರವಿವಾರ ಸಂಜೆ ಕತೆ ಹೇಳುವ ರೂಢಿ ಇಟ್ಟುಕೊಂಡಿದ್ದೇನೆ. ಈಚೆಗೆ ಮೊಬೈಲಿಗೆ ಬರುವ ತಾವೋ ಕತೆಗಳು ಮನಸ್ಸಿಗೆ ಹಿಡಿಸಿವೆ. ಕುದುರೆ ಕಳಕೊಂಡ ಮುದುಕ, ಸಸಿ ಎಳೆದ ರೈತ, ಇಂಥವು. ನನ್ನ ತವರು ಅಣ್ಣಿಗೇರಿ ಕಡೆಯ ಹಳ್ಳಿ. ಸಣ್ಣವರಿದ್ದಾಗ ಬುಗರಿ, ಗೋಲಿಗುಂಡಾ, ಬಾವಿ ಈಜು ಬಿಟ್ಟರೆ ನಮಗೆ ಬೇರೆ ಏನೂ ಬೇಕಿರಲಿಲ್ಲ. ಆ ಸರಳ ಬದುಕೇ ತಾವೋ ಅಲ್ಲವೇ ಅನ್ನಿಸುತ್ತದೆ, ಅದನ್ನೇ ಮಕ್ಕಳಿಗೆ ದಾಟಿಸುವ ಆಸೆ. ಆದರೆ ನಮ್ಮ ಮನೆಯವರು, 'ಇವ ಮೊದಲ ಆಲಸಿ, ಏನೂ ಮಾಡಬ್ಯಾಡ ಅನ್ನೋ ತತ್ವ ಬ್ಯಾರೆ ಹೇಳಿಕೊಡ್ತೀಯೇನು?' ಅನ್ನುತ್ತಾರೆ. ಅತ್ತೆಯವರದು ಇನ್ನೊಂದು: 'ನಮ್ಮ ಶರಣರು ಹೇಳಿದ್ದು ಬಿಟ್ಟು ಚೀನಾದ ದೇವರು ಯಾಕ?' ಮೊನ್ನೆ ಮಗನೇ, 'ಕಲಿಯೋದು ಬಿಟ್ಟರ ಚಿಂತೀನ ಇಲ್ಲ ಅಂತ ಲಾವೋತ್ಸು ಹೇಳ್ಯಾನ' ಎಂದು ಗಣಿತದ ಟ್ಯೂಷನ್ ತಪ್ಪಿಸಿದ. ಸರ್, ಈ ಕತೆಗಳನ್ನು ಹೇಳುವುದು ಸರಿಯೇ? ಯಾವುದನ್ನು, ಹೇಗೆ ಹೇಳಬೇಕು?

ಉತ್ತರ: ನಿಮ್ಮ ಮಗ ಹೇಳಿದ ಮಾತು ಪುಸ್ತಕದಲ್ಲಿ ಇರುವುದು ನಿಜ. ಲಾವೋತ್ಸು ಹೆಸರಿನ ಪ್ರಾಚೀನ ಚೀನೀ ಗ್ರಂಥ 'ತಾವೋ ತೆ ಚಿಂಗ್'ನ 20ನೇ ಅಧ್ಯಾಯ ಆ ಸಾಲಿನಿಂದಲೇ ಶುರುವಾಗುತ್ತದೆ. ತಾವೋ ಅಂದರೆ ದಾರಿ, ಲೋಕ ತಾನಾಗಿ ನಡೆಯುವ ಬಗೆ. ಹುಡುಗ ಅಷ್ಟನ್ನು ಹುಡುಕಿ ತೆಗೆದಿದ್ದಾನೆಂದರೆ ಆಲಸಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವನ ವಿಷಯಕ್ಕೆ ಕೊನೆಗೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಅಳುಕು ಒಂದಕ್ಕೊಂದು ಗಂಟು ಬಿದ್ದಿವೆ. ಈ ತತ್ವ ಮಕ್ಕಳನ್ನು ಮೈಗಳ್ಳರನ್ನಾಗಿ ಮಾಡುತ್ತದೆಯೇ, ನಮ್ಮ ಬಾಲ್ಯದ ಹಳ್ಳಿಯೇ ಆ ತತ್ವವೇ, ಪರರದ್ದನ್ನು ತಂದು ನಮ್ಮದನ್ನು ಮರೆಯುತ್ತೇವೆಯೇ. ಮೊದಲನೆಯದು ದೊಡ್ಡದು, ಹೆಚ್ಚಿನ ಜಾಗ ಅದಕ್ಕೇ ಬೇಕು.

ಆ ಅಳುಕಿನ ಬೇರು ತಾವೋ ಗ್ರಂಥಗಳ 'ವೂ ವೇ' ಎಂಬ ಮಾತಿನಲ್ಲಿದೆ. ಚೀನೀ ಭಾಷೆಯಲ್ಲಿ 'ವೂ' ಅಂದರೆ ಇಲ್ಲ, 'ವೇ' ಅಂದರೆ ಮಾಡುವುದು. ಪದಕ್ಕೆ ಪದ ಇಟ್ಟರೆ 'ವೂ ವೇ' ಅಂದರೆ ಮಾಡದಿರುವುದು. ಎಲ್ಲ ತಕರಾರು ಹುಟ್ಟುವುದು ಇಲ್ಲಿ. ಲಾವೋತ್ಸು 37ನೇ ಅಧ್ಯಾಯದಲ್ಲಿ ತಾವೋ ಏನೂ ಮಾಡುವುದಿಲ್ಲ ಎಂದವನು ಅದೇ ಉಸಿರಿನಲ್ಲಿ, ಆದರೂ ಆಗದೆ ಉಳಿದದ್ದು ಒಂದೂ ಇಲ್ಲ ಎನ್ನುತ್ತಾನೆ. ಮೊಬೈಲಿನ ಕಾರ್ಡುಗಳಲ್ಲಿ ಮೊದಲರ್ಧ ಬರುತ್ತದೆ, ಉಳಿದರ್ಧ ಕತ್ತರಿಸಿ ಹೋಗಿರುತ್ತದೆ.

ಇದಕ್ಕೆ ಕನ್ನಡದಲ್ಲಿ 'ನಿಷ್ಕ್ರಿಯೆ' ಅಂತಲೋ 'ಸುಮ್ಮನಿರುವುದು' ಅಂತಲೋ ಬರೆಯುವುದುಂಟು. ಎರಡೂ ದಾರಿ ತಪ್ಪಿಸುತ್ತವೆ. ನಿಮ್ಮ ತವರಿನ ರೈತರ ಬಾಯಲ್ಲಿ ಇದಕ್ಕಿಂತ ಹತ್ತಿರದ ಮಾತಿದೆ: ಹದ. ಎರಿ ನೆಲ, ಅಂದರೆ ಕಪ್ಪು ಮಣ್ಣಿನ ನೆಲ, ಮಳೆ ಬಿದ್ದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಬಿರಿದು ಕಲ್ಲಾಗುತ್ತದೆ. ನಡುವೆ ಕೆಲವೇ ದಿನ ಅದು ಕುಂಟೆಗೆ ಮಣಿಯುತ್ತದೆ. ಹಸಿ ಇದ್ದಾಗಲೇ ಅವಸರ ಮಾಡಿ ಕುಂಟೆ ಹೊಡೆದರೆ ಮಣ್ಣು ದಿಂಡಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಹೆಂಟೆ ಬೀಳುತ್ತದೆ, ಎತ್ತೂ ದಣಿಯುತ್ತವೆ. ಕಾದು ಕೂತು ಹದ ದಾಟಿಸಿದರೂ ಕೆಟ್ಟಿತು. ಹದ ನೋಡುವ ರೈತ ಬದುವಿನ ಮೇಲೆ ಕೂತಾಗ ಆಲಸಿಯಂತೆ ಕಾಣುತ್ತಾನೆ. ಅವನು ಮುಷ್ಟಿಯಲ್ಲಿ ಮಣ್ಣು ಹಿಡಿದು, ಉಂಡೆ ಕಟ್ಟಿ, ಬಿಟ್ಟು ನೋಡುತ್ತಿರುತ್ತಾನೆ. ಹದ ಬಂದ ದಿನ ಹೊತ್ತು ಮೂಡುವ ಮೊದಲೇ ಹೊಲದಲ್ಲಿರುತ್ತಾನೆ. ವೂ ವೇ ಅಂದರೆ ಇದು: ಕೆಲಸದಲ್ಲಿ ಹೆಚ್ಚುವರಿ ಜಗ್ಗಾಟವನ್ನು ತೆಗೆಯುವುದು. ಕೆಲಸವನ್ನೇ ತೆಗೆಯುವುದಾದರೆ ಲಾವೋತ್ಸು 63ನೇ ಅಧ್ಯಾಯದಲ್ಲಿ, ಕಷ್ಟದ್ದನ್ನು ಇನ್ನೂ ಸುಲಭ ಇರುವಾಗಲೇ ಮಾಡು ಎಂದು ಹೇಳಬೇಕಾಗಿರಲಿಲ್ಲ. ಮುಂದಿನ ಅಧ್ಯಾಯ ಇನ್ನೂ ಖಡಕ್ ಆಗಿದೆ: ಇನ್ನೂ ಹುಟ್ಟದಿರುವಾಗಲೇ ಅದನ್ನು ನಿಭಾಯಿಸು. ಇದು ನಾಳೆಗೆ ತಳ್ಳುವವರ ತತ್ವವಲ್ಲ ಎಂದು ಮನೆಯವರಿಗೆ ತೋರಿಸಲು ಆ ಎರಡು ಅಧ್ಯಾಯ ಸಾಕು.

ಮಕ್ಕಳಿಗೆ ಇದನ್ನು ತಿಳಿಸಲು ಹೊಲಕ್ಕಿಂತ ಒಳ್ಳೆಯ ಕತೆ ತಾವೋ ಪರಂಪರೆಯ ಇನ್ನೊಬ್ಬ ಚಿಂತಕ ಚುವಾಂಗ್‌ತ್ಸುವಿನ ಗ್ರಂಥದಲ್ಲಿದೆ. 19ನೇ ಅಧ್ಯಾಯ. ಬೆನ್ನು ಬಾಗಿದ ಒಬ್ಬ ಮುದುಕ ಕೋಲಿನ ತುದಿಗೆ ಅಂಟು ಹಚ್ಚಿ ಮರದ ಮೇಲಿನ ಜೀರುಂಡೆ ಹಿಡಿಯುತ್ತಿದ್ದಾನೆ, ನೆಲದಿಂದ ಆರಿಸಿಕೊಂಡಷ್ಟು ಸಲೀಸಾಗಿ. ದಾರಿಯಲ್ಲಿ ಹೊರಟಿದ್ದ, ಚೀನಾದ ಹೆಸರಾಂತ ಗುರು ಕನ್‌ಫ್ಯೂಷಿಯಸ್ ನಿಂತು ಗುಟ್ಟೇನು ಎಂದು ಕೇಳುತ್ತಾನೆ. ಮುದುಕನ ಉತ್ತರ ಲೆಕ್ಕದ ಉತ್ತರ: ಐದಾರು ತಿಂಗಳು ಕೋಲಿನ ತುದಿಯ ಮೇಲೆ ಗುಂಡುಗಳನ್ನು ನಿಲ್ಲಿಸುವುದನ್ನು ಕಲಿತೆ. ಎರಡು ಬೀಳದೆ ನಿಂತಾಗ ಕೆಲವೇ ತಪ್ಪಿಹೋಗುತ್ತಿದ್ದವು. ಮೂರು ನಿಂತಾಗ ಹತ್ತಕ್ಕೆ ಒಂದು ತಪ್ಪುತ್ತಿತ್ತು. ಐದು ನಿಂತ ಮೇಲೆ ಹೀಗೆ, ಆರಿಸಿಕೊಂಡಂತೆ. ಆ ಹೊತ್ತಿನಲ್ಲಿ ಲೋಕವೆಲ್ಲ ಎದುರಿಗಿದ್ದರೂ ಅವನಿಗೆ ಕಾಣುವುದು ಜೀರುಂಡೆಯ ರೆಕ್ಕೆ ಮಾತ್ರ. ಹಗ್ಗ ಸುತ್ತಿ ಬುಗರಿ ಒಗೆದು, ಅಂಗೈ ಮೇಲೆ ಎತ್ತಿಕೊಳ್ಳಲು ಎಷ್ಟು ದಿನ ಕೈ ನೋಯಿಸಿಕೊಂಡಿರಿ ಎಂದು ನಿಮ್ಮ ಓಣಿಯವರನ್ನು ಕೇಳಿ ನೋಡಿ. ಸಲೀಸು ಅನ್ನುವುದು ಅಭ್ಯಾಸದ ಆಚೆ ದಂಡೆಯಲ್ಲಿ ಇರುವಂಥದು.

ಅದೇ ಅಧ್ಯಾಯದಲ್ಲಿ ಈಜುಗಾರನೂ ಇದ್ದಾನೆ. ಮೂವತ್ತು ಆಳೆತ್ತರದಿಂದ ನೀರು ಧುಮುಕುವ ಕಡೆ, ಆಮೆ ಮೀನುಗಳೂ ಈಜಲಾಗದ ಸೆಳವಿನಲ್ಲಿ ಒಬ್ಬ ಇಳಿದಿದ್ದಾನೆ. ಸಾಯಲು ಬಿದ್ದ ಎಂದುಕೊಂಡು ಕನ್‌ಫ್ಯೂಷಿಯಸ್‌ನ ಶಿಷ್ಯರು ದಂಡೆಯಲ್ಲಿ ಓಡುತ್ತಾರೆ. ಅವನು ಒಂದಿಷ್ಟು ದೂರದಲ್ಲಿ ಎದ್ದು ಬಂದು, ಕೂದಲು ಬಿಚ್ಚಿಕೊಂಡು ಹಾಡುತ್ತ ಅಡ್ಡಾಡುತ್ತಾನೆ. ಸುಳಿಯ ಜತೆ ಒಳಗೆ ಹೋಗುತ್ತೇನೆ, ಉಕ್ಕಿನ ಜತೆ ಹೊರಗೆ ಬರುತ್ತೇನೆ, ನೀರಿನ ಹಾದಿ ಹಿಡಿಯುತ್ತೇನೆ, ನನ್ನದನ್ನು ನಡುವೆ ತೂರಿಸುವುದಿಲ್ಲ ಎನ್ನುತ್ತಾನೆ. ಬಾವಿಯಲ್ಲಿ ಈಜು ಕಲಿತವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗಾಬರಿಯಿಂದ ತಲೆ ಮೇಲಕ್ಕೆತ್ತಿದರೆ ಸೊಂಟ ಕೆಳಗಿಳಿಯುತ್ತದೆ, ಸೊಂಟ ಇಳಿದರೆ ಇನ್ನಷ್ಟು ಕೈಕಾಲು ಬಡಿಯಬೇಕು, ಬಡಿದಷ್ಟೂ ಮುಳುಗು. ಒಂದು ಎಚ್ಚರಿಕೆ ಮಾತ್ರ ತಪ್ಪದೆ ಹೇಳಿ. ಆ ಈಜುಗಾರ ನೀರಿನಲ್ಲೇ ಬೆಳೆದವನು ಎಂದು ಕತೆಯೇ ಹೇಳುತ್ತದೆ. ಬೆಂಡು ಕಟ್ಟದೆ, ದೊಡ್ಡವರಿಲ್ಲದೆ, 'ನೀರಿಗೆ ಮೈ ಬಿಡು' ಎಂದು ಕತೆ ಕೇಳಿದ ಹುಡುಗ ಕೃಷಿಹೊಂಡಕ್ಕೆ ಇಳಿದರೆ ಕಷ್ಟ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕಾಲು ಜಾರುತ್ತದೆ, ಈಜು ಬಂದವರಿಗೂ ಹತ್ತಿ ಬರಲಾಗುವುದಿಲ್ಲ.

ಈಗ ನಿಮ್ಮ ಮೊಬೈಲಿನ ಕತೆಗಳು. ಸಸಿ ಬೇಗ ಬೆಳೆಯಲಿ ಎಂದು ಒಂದೊಂದನ್ನೇ ಮೇಲಕ್ಕೆಳೆದು, ದಣಿದು ಮನೆಗೆ ಬಂದ ಸೋಂಗ್ ನಾಡಿನ ರೈತ ತಾವೋ ಗ್ರಂಥದವನಲ್ಲ. ಆ ಕತೆ ಮೆನ್‌ಷಿಯಸ್‌ನದು, ಕನ್‌ಫ್ಯೂಷಿಯಸ್ ಪರಂಪರೆಯ ದೊಡ್ಡ ಪಂಡಿತ ಅವನು. ಮೆನ್‌ಷಿಯಸ್ ಅಲ್ಲೇ ಇನ್ನೊಂದು ಮಾತು ಸೇರಿಸುತ್ತಾನೆ: ಸಸಿ ಎಳೆಯುವವನು ಒಂದು ಬಗೆಯ ದಡ್ಡ, ಪ್ರಯೋಜನವಿಲ್ಲ ಎಂದು ಕಳೆಯನ್ನೇ ಕೀಳದೆ ಬಿಡುವವನು ಇನ್ನೊಂದು ಬಗೆಯವನು. ಹೇಳುವುದಿದ್ದರೆ ಎರಡೂ ಸೇರಿಸಿ ಹೇಳಿ, ಅದು ಯಾರ ಕತೆ ಎಂದೂ ಹೇಳಿ.

ಕುದುರೆ ಕಳಕೊಂಡ ಗಡಿಯ ಮುದುಕನೂ ಲಾವೋತ್ಸುವಿನ ಬಾಯಿಂದ ಬಂದವನಲ್ಲ. ಹ್ವಾಯ್‌ನಾನ್ ಪ್ರಾಂತದ ದೊರೆ ಲ್ಯೂ ಆನ್ ತನ್ನ ವಿದ್ವಾಂಸರಿಂದ ಬರೆಸಿ ಕ್ರಿ.ಪೂ. 139ರಲ್ಲಿ ಹಾನ್ ಚಕ್ರವರ್ತಿಗೆ ಒಪ್ಪಿಸಿದ 'ಹ್ವಾಯ್‌ನಾನ್‌ತ್ಸು' ಗ್ರಂಥದ ಕತೆ ಅದು. ಅದರಲ್ಲಿ ತಾವೋ ವಿಚಾರ ಹಾಸುಹೊಕ್ಕಾಗಿರುವುದರಿಂದ ಅದನ್ನು ಹೊರಗಿಡಬೇಕಿಲ್ಲ. ಕೆಡುವುದು ಹೇಳುವ ಬಗೆಯಲ್ಲಿ. ಕುದುರೆ ಹೋಯಿತು, ಇನ್ನೊಂದನ್ನು ಕರೆದುಕೊಂಡು ಬಂತು, ಮಗ ಬಿದ್ದು ಕಾಲು ಮುರಿದುಕೊಂಡ, ಕಾಲು ಮುರಿದದ್ದಕ್ಕೆ ಯುದ್ಧಕ್ಕೆ ಹೋಗುವುದು ತಪ್ಪಿತು. ಇಲ್ಲಿಗೆ ನಿಲ್ಲಿಸಿ, 'ಆಗೋದೆಲ್ಲ ಒಳ್ಳೇದಕ್ಕ' ಎಂದು ಗಂಟು ಹಾಕಿಬಿಡುತ್ತೇವೆ. ಮುದುಕ ಹಾಗೆ ಹೇಳುವುದೇ ಇಲ್ಲ. ಕೆಟ್ಟದ್ದು ಬಂದಾಗ ಇದು ಒಳ್ಳೆಯದಾಗಲಾರದೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದವನು, ಒಳ್ಳೆಯದು ಬಂದಾಗ ಇದು ಕೆಟ್ಟದ್ದಾಗಲಾರದೆಂದು ಹೇಗೆ ಹೇಳುತ್ತೀರಿ ಎಂದೂ ಕೇಳುತ್ತಾನೆ. ಸಮಾಧಾನ ಹೇಳುವುದು ಅವನ ಕೆಲಸವಲ್ಲ, ಅವಸರದ ತೀರ್ಪಿಗೆ ಅವನು ಸಹಿ ಹಾಕುವುದಿಲ್ಲ, ಅಷ್ಟೆ.

ಸಾವಿರ ಹರದಾರಿ ಪಯಣವೂ ಒಂದು ಹೆಜ್ಜೆಯಿಂದ ಶುರು ಎಂಬ ಮಾತು ಮಾತ್ರ ಅಪ್ಪಟ ಲಾವೋತ್ಸುವಿನದೇ, 64ನೇ ಅಧ್ಯಾಯದ್ದು. ಮೂಲದಲ್ಲಿ 'ಕಾಲ ಕೆಳಗಿನಿಂದ ಶುರು' ಎಂದಿದೆ. ಹುರುಪು ತುಂಬಲು ಅದನ್ನು ಗೋಡೆಗೆ ಅಂಟಿಸುತ್ತಾರೆ. ಅದರ ಬೆನ್ನಿಗೇ ಬರುವ ಸಾಲು, ಜಗ್ಗಿ ಮಾಡಹೋದವನು ಕೆಡಿಸುತ್ತಾನೆ, ಬಿಗಿ ಹಿಡಿದವನು ಕಳಕೊಳ್ಳುತ್ತಾನೆ ಎಂದು. ಟ್ಯೂಷನ್ ಕ್ಲಾಸಿನ ಗೋಡೆಗೆ ಅದನ್ನು ಯಾರೂ ಅಂಟಿಸುವುದಿಲ್ಲ.

ಬಾಲ್ಯದ ಮಾತಿಗೆ ಬರೋಣ. ಇಲ್ಲಿ ನಿಮ್ಮೊಡನೆ ನನಗೆ ತುಸು ಭಿನ್ನಾಭಿಪ್ರಾಯವಿದೆ. ಲಾವೋತ್ಸು ಮಗುವನ್ನು ಮತ್ತೆ ಮತ್ತೆ ಕರೆತರುತ್ತಾನೆ, 10, 28 ಮತ್ತು 55ನೇ ಅಧ್ಯಾಯಗಳಲ್ಲಿ. ಅವನ ಮಗು ಕೂಸು: ಎಲುಬು ಮೆತ್ತಗೆ, ಆದರೆ ಹಿಡಿದ ಮುಷ್ಟಿ ಬಿಗಿ. ದಿನವಿಡೀ ಅತ್ತರೂ ಗಂಟಲು ಕಟ್ಟುವುದಿಲ್ಲ. 76ನೇ ಅಧ್ಯಾಯ ಇದನ್ನೇ ಮುಂದುವರಿಸುತ್ತದೆ: ಬದುಕಿರುವುದು ಮೆತ್ತಗೆ, ಸತ್ತದ್ದು ಸೆಟೆದು ಗಟ್ಟಿ. ಅವನಿಗೆ ಬೇಕಾದದ್ದು ಆ ಮೆದುತನ. ನಮ್ಮ ಸಣ್ಣಂದಿನ ನೆನಪು ಬೇರೆ ಸರಕು. ಆಗ ಎಷ್ಟು ಚೆನ್ನಾಗಿತ್ತು ಅನ್ನುವುದು, ಹೋದದ್ದನ್ನು ಬಿಗಿಯಾಗಿ ಹಿಡಿಯುವುದೇ ಹೊರತು ಮೆದುವಾಗುವುದಲ್ಲ. ಮತ್ತೆ, ಆ ಹಳ್ಳಿಯ ಸರಳ ಬದುಕಿನಲ್ಲಿ ಕೆರೆಯಿಂದ ಕೊಡ ಹೊತ್ತವರು ಯಾರು, ಬೇಸಿಗೆಯಲ್ಲಿ ಕಟ್ಟಿಗೆ ಒಲೆಯ ಮುಂದೆ ರೊಟ್ಟಿ ಬಡಿದವರು ಯಾರು ಎಂದು ನಿಮ್ಮ ತಾಯಿಯನ್ನು ಒಮ್ಮೆ ಕೇಳಿ. ಬುಗರಿ ಆಡಿದವರಿಗೆ ಸರಳವಾಗಿದ್ದದ್ದು ಅವರಿಗೂ ಸರಳವಾಗಿತ್ತೆಂದು ಖಾತ್ರಿಯಿಲ್ಲ.

ಸರಳ ಬದುಕಿನ ಬಗ್ಗೆ ಪಟ್ಟು ಹಿಡಿಯುವವರನ್ನು ಗ್ರಂಥವೇ ಚುಡಾಯಿಸುತ್ತದೆ. ಚುವಾಂಗ್‌ತ್ಸು 12ನೇ ಅಧ್ಯಾಯದಲ್ಲಿ ಒಬ್ಬ ತೋಟಗಾರ ಬಾವಿಗೆ ಇಳಿದು, ಗಡಿಗೆಯಲ್ಲಿ ನೀರು ತಂದು ಮಡಿಗೆ ಹಾಕುತ್ತಿರುತ್ತಾನೆ. ಏತ ಕಟ್ಟಿಕೊಂಡರೆ ದಿನಕ್ಕೆ ನೂರು ಮಡಿ ನೆನೆಯುತ್ತವಲ್ಲ ಎಂದು ಕನ್‌ಫ್ಯೂಷಿಯಸ್‌ನ ಶಿಷ್ಯ ಕೇಳಿದರೆ, ಯಂತ್ರ ಬಂದಲ್ಲಿ ಯಂತ್ರದ ಬುದ್ಧಿಯೂ ಬರುತ್ತದೆ, ನನಗೆ ಗೊತ್ತಿಲ್ಲದ್ದಲ್ಲ, ನಾಚಿಕೆಯಾಗಿ ಬಿಟ್ಟಿದ್ದೇನೆ ಎನ್ನುತ್ತಾನೆ. ಈ ಭಾಗವನ್ನು ಎಲ್ಲರೂ ಉದ್ಧರಿಸುತ್ತಾರೆ. ಕತೆ ಅಲ್ಲಿಗೆ ಮುಗಿಯುವುದಿಲ್ಲ. ಕೇಳಿಸಿಕೊಂಡ ಕನ್‌ಫ್ಯೂಷಿಯಸ್, ಅವನಿಗೆ ಒಂದು ಗೊತ್ತು ಎರಡು ಗೊತ್ತಿಲ್ಲ, ಒಳಗನ್ನು ನೋಡಿಕೊಂಡ, ಹೊರಗನ್ನು ಬಿಟ್ಟ ಎನ್ನುತ್ತಾನೆ. ಅಂದರೆ ಮಿಕ್ಸರ್ ಬಿಟ್ಟು ಒರಳಿಗೆ ಮರಳುವುದು ತಾವೋ ಆಗಬೇಕಿಲ್ಲ. 67ನೇ ಅಧ್ಯಾಯದಲ್ಲಿ ಲಾವೋತ್ಸು ತನ್ನ ಮೂರು ನಿಧಿ ಎಣಿಸುತ್ತಾನೆ: ಕರುಣೆ, ಹಿಡಿತದ ಖರ್ಚು, ಎಲ್ಲರಿಗಿಂತ ಮುಂದೆ ನುಗ್ಗದಿರುವುದು. ಎರಡನೆಯದಕ್ಕೆ ಅವನೇ ಕೊಡುವ ಕಾರಣ, ಹಿಡಿತ ಇದ್ದರೆ ಧಾರಾಳವಾಗಬಹುದು ಎಂಬುದು. ಬಡತನವನ್ನು ಅವನು ಎಲ್ಲೂ ಹೊಗಳಿಲ್ಲ.

ಮನೆಯಲ್ಲಿ ಮಾಡಿ ನೋಡುವುದಿದ್ದರೆ 48ನೇ ಅಧ್ಯಾಯ ಹಿಡಿಯಿರಿ: ಕಲಿಕೆಯಲ್ಲಿ ದಿನದಿನಕ್ಕೆ ಕೂಡುವುದು, ತಾವೋದಲ್ಲಿ ದಿನದಿನಕ್ಕೆ ಕಳೆಯುವುದು. ಮಕ್ಕಳ ವಾರದ ಎಲ್ಲ ತಾಸುಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ: ಶಾಲೆ, ಟ್ಯೂಷನ್, ಕರಾಟೆ, ಡ್ರಾಯಿಂಗ್, ಮೊಬೈಲ್. ಅದರಲ್ಲಿ ಒಂದನ್ನು, ಒಂದನ್ನೇ, ತೆಗೆಯಿರಿ. ತೆರವಾದ ತಾಸಿಗೆ ಬೇರೆ ಏನನ್ನೂ ತುಂಬಬೇಡಿ. ಮೊದಲ ಒಂದೆರಡು ವಾರ 'ಬ್ಯಾಸರಾಗ್ಲಿಕತ್ತೇತಿ' ಎಂಬ ರಾಗ ಕೇಳುತ್ತದೆ. ಅಷ್ಟಕ್ಕೆ ಸೋತು ಮೊಬೈಲು ಕೈಗೆ ಕೊಟ್ಟರೆ ಕಳೆದದ್ದೂ ದಂಡ. ಬಹಳ ಮನೆಗಳಲ್ಲಿ ಪ್ರಯೋಗ ಕೆಡುವುದು ಇದೇ ಜಾಗದಲ್ಲಿ. ಆ ತಾಸಿನಲ್ಲಿ ದೊಡ್ಡವರ ಮೊಬೈಲೂ ಕಪಾಟಿನಲ್ಲಿರಬೇಕು. ಇದಕ್ಕೆ ಜತೆಯಾಗಿ ಚುವಾಂಗ್‌ತ್ಸು 7ನೇ ಅಧ್ಯಾಯದ ಹುನ್‌ತುನ್ ಕತೆ ಹೇಳಿ. ನಡುನಾಡಿನ ದೊರೆ ಹುನ್‌ತುನ್‌ಗೆ ಮುಖದಲ್ಲಿ ಕಣ್ಣು, ಕಿವಿ, ಮೂಗು, ಬಾಯಿ ಏನೂ ಇಲ್ಲ. ಅವನ ಸತ್ಕಾರ ಉಂಡ ಇಬ್ಬರು ಗೆಳೆಯ ದೊರೆಗಳು, ಉಪಕಾರ ತೀರಿಸೋಣ, ಎಲ್ಲರಿಗೂ ಇರುವ ಏಳು ತೂತು ಇವನಿಗೂ ಇರಲಿ ಎಂದು ದಿನಕ್ಕೊಂದರಂತೆ ಕೊರೆಯುತ್ತಾರೆ. ಏಳನೆಯ ದಿನ ಹುನ್‌ತುನ್ ಸತ್ತ. ಅಷ್ಟೇ ಕತೆ. ವಾರಕ್ಕೆ ಏಳು ಕ್ಲಾಸಿಗೆ ಹೋಗುವ ಮಕ್ಕಳಿಗೆ ಇದರ ಅರ್ಥ ಹೇಳಿಕೊಡಬೇಕಾಗುವುದಿಲ್ಲ, ಅಪ್ಪ ಅಮ್ಮಂದಿರಿಗೆ ಬೇಕಾಗಬಹುದು.

ರವಿವಾರದ ಗುಂಪಿಗೆ ಕತೆಗಿಂತ ಮೊದಲು ಒಂದು ಬಾಟಲಿ ಇಟ್ಟುಕೊಳ್ಳಿ. 15ನೇ ಅಧ್ಯಾಯದಲ್ಲಿ ಲಾವೋತ್ಸು ಕೇಳುತ್ತಾನೆ: ರಾಡಿ ನೀರನ್ನು ಸುಮ್ಮನೆ ಇಟ್ಟು ಮೆಲ್ಲಗೆ ತಿಳಿ ಮಾಡಬಲ್ಲವರು ಯಾರು? ಲೀಟರಿನ ಎರಡು ಪಾರದರ್ಶಕ ಬಾಟಲಿಯಲ್ಲಿ ಮುಕ್ಕಾಲು ನೀರು ತುಂಬಿ. ಒಂದಕ್ಕೆ ಉಸುಕು ಬೆರೆತ ಮಸಾರಿ (ಕೆಂಪು) ಮಣ್ಣು ಎರಡು ಚಮಚ, ಇನ್ನೊಂದಕ್ಕೆ ಎರಿ ಮಣ್ಣು ಎರಡು ಚಮಚ. ಮುಚ್ಚಳ ಬಿಗಿದು ಅರ್ಧ ನಿಮಿಷ ಅಲ್ಲಾಡಿಸಿ ಇಡಿ. ಉಸುಕು ನಿಮಿಷದೊಳಗೆ ತಳ ಸೇರುತ್ತದೆ. ಅರ್ಧ ತಾಸಿಗೆ ಮಸಾರಿ ಬಾಟಲಿಯ ಮೇಲ್ಭಾಗ ಕಣ್ಣಿಗೆ ಕಾಣುವಷ್ಟು ತೆಳುವಾಗುತ್ತದೆ. ಎರಿ ಬಾಟಲಿ ಹಾಗೇ ಇರುತ್ತದೆ, ಅದರ ಕಣ ಅಷ್ಟು ನುಣ್ಣಗೆ, ಮರುದಿನಕ್ಕೂ ಮಬ್ಬು ಪೂರಾ ಹೋಗಿರುವುದಿಲ್ಲ. ಎರಿ ಮಣ್ಣೊಂದನ್ನೇ ತಂದು ಅರ್ಧ ತಾಸಿನಲ್ಲಿ ತಿಳಿಯಾಗುತ್ತದೆಂದು ಕಾದರೆ ಕಾರ್ಯಕ್ರಮ ಕೆಡುತ್ತದೆ. ಎರಡನ್ನೂ ಇಟ್ಟರೆ ಒಂದೊಂದು ಮಣ್ಣಿಗೆ ಒಂದೊಂದು ಹೊತ್ತು ಎಂಬುದನ್ನು ಬಾಟಲಿಯೇ ತೋರಿಸುತ್ತದೆ.

ಒಬ್ಬ ಚುರುಕಿನ ಹುಡುಗಿ ಖಂಡಿತ ಕೇಳುತ್ತಾಳೆ: ಪಟಿಕ ಹಾಕಿದರ ಲಗೂನ ತಿಳಿ ಆಗ್ತದಲ್ಲ? ಹೌದು ಎಂದು ಹಾಕಿ ತೋರಿಸಿ, ಚಿಟಿಕೆ ಪುಡಿ ಸಾಕು. ನುಣ್ಣನೆ ಕಣ ಒಂದಕ್ಕೊಂದು ಕೂಡಿ ಭಾರವಾಗಿ ಇಳಿಯುತ್ತವೆ. ಆದರೆ ಪಟಿಕ ಬೆರೆಸಿದ ಮೇಲೂ ನೀರನ್ನು ಇಡಲೇಬೇಕು, ಕದಡುತ್ತಲೇ ಇದ್ದರೆ ಅದೂ ಕೆಲಸ ಮಾಡುವುದಿಲ್ಲ. ಹದವರಿತು ಒಂದು ಚಿಟಿಕೆ, ಆಮೇಲೆ ಕೈ ತೆಗೆಯುವುದು: ವೂ ವೇಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕನ್ನಡದಲ್ಲಿ ನೀರು ಕೂತಾಗಲೂ 'ತಿಳಿ', ಅರ್ಥವಾದಾಗಲೂ 'ತಿಳಿ'. ಈ ಲಾಭ ನಮ್ಮ ಮಕ್ಕಳಿಗೆ ಪುಕ್ಕಟೆ ಸಿಗುತ್ತದೆ, ಒಮ್ಮೆ ಕಿವಿಗೆ ಹಾಕಿ ಬಿಡಿ. ಮತ್ತೊಂದು: ಆ ಪ್ರಶ್ನೆಗೆ ಜೋಡಿ ಪ್ರಶ್ನೆ ಇದೆ, ಅದನ್ನು ಬಹುತೇಕರು ಬಿಡುತ್ತಾರೆ. ಸುಮ್ಮನೆ ಕೂತದ್ದನ್ನು ಮೆಲ್ಲಗೆ ಅಲುಗಿಸಿ ಜೀವ ತುಂಬಬಲ್ಲವರು ಯಾರು? ಮನೆಯವರ ಆಕ್ಷೇಪಕ್ಕೆ ಲಾವೋತ್ಸುವಿನದೇ ಉತ್ತರ ಅದು.

ಹೇಳುವ ಬಗೆಗೆ ನಾಲ್ಕು ಮಾತು. ವಾರಕ್ಕೆ ಒಂದೇ ಕತೆ, ಎಂಟು-ಹತ್ತು ನಿಮಿಷ. ಮುಗಿದ ಮೇಲೆ ನೀತಿ ಹೇಳಬೇಡಿ. ಪಠ್ಯಪುಸ್ತಕದ ಕತೆಗಳ ಕೊನೆಗೆ ನೀತಿ ಓದಿ ರೂಢಿಯಾದ ಮಕ್ಕಳು ಎರಡನೇ ವಾರದಿಂದ ಕತೆ ಕೇಳುವುದನ್ನು ಬಿಟ್ಟು ನೀತಿ ಊಹಿಸತೊಡಗುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ. 'ಆ ಮುದುಕ ನೀ ಆಗಿದ್ದರ ಏನ ಮಾಡ್ತಿದ್ದಿ?' ಎಂಬ ಒಂದು ಪ್ರಶ್ನೆ ಸಾಕು, ಉತ್ತರ ತಪ್ಪಿದ್ದರೂ ತಿದ್ದಬೇಡಿ. ಮಗಳ ವಯಸ್ಸಿನವರಿಗೆ ಬೆಳಿಗ್ಗೆ ಮೂರು, ಸಂಜೆ ನಾಲ್ಕು ಕಾಯಿ ಎಂದಾಗ ಸಿಟ್ಟಾಗಿ, ಬೆಳಿಗ್ಗೆ ನಾಲ್ಕು, ಸಂಜೆ ಮೂರು ಎಂದಾಗ ಕುಣಿದ ಮಂಗಗಳ ಕತೆ, ಬಾವಿಯ ಕಪ್ಪೆಗೆ ಮೂಡಲ ಕಡಲಿನ ಆಮೆ ಸಮುದ್ರ ವರ್ಣಿಸಿದ ಕತೆ ಚೆನ್ನ. ಕಾಯಿಯ ಬದಲು ಶೇಂಗಾ ಅಂದರೆ ಏನೂ ಕೆಡುವುದಿಲ್ಲ. ಮಗನ ವಯಸ್ಸಿನವರಿಗೆ ಚಕ್ಕಡಿ ಗಾಲಿ ತೋರಿಸಿ. ಲಾವೋತ್ಸುವಿನ 11ನೇ ಅಧ್ಯಾಯದ ಗಾಲಿಗೆ ಮೂವತ್ತು ಅರೆ, ನಮ್ಮದಕ್ಕೆ ಅಷ್ಟಿರುವುದಿಲ್ಲ. ಆದರೆ ಅಚ್ಚು ಕೂಡುವ ಗುಂಬದ ತೂತು ಖಾಲಿ ಇರುವುದರಿಂದಲೇ ಬಂಡಿ ಉರುಳುತ್ತದೆ, ಗಡಿಗೆ ಖಾಲಿ ಇರುವುದರಿಂದಲೇ ಕಾಳು ಹಿಡಿಯುತ್ತದೆ, ಅನ್ನುವುದು ಕಣ್ಣಿಗೇ ಬೀಳುತ್ತದೆ. ಬಂಡಿ ಸಿಗದಿದ್ದರೆ ಗಡಿಗೆಯೊಂದೇ ಸಾಕು.

ಒಂದು ಕತೆಯ ಬಗ್ಗೆ ತೊಡಕಿದೆ. ಚುವಾಂಗ್‌ತ್ಸುವಿನ ಅತ್ಯಂತ ಹೆಸರಾದ ಕತೆ ಅಡುಗೆಯವನಾದ ತಿಂಗ್‌ನದು. ಅವನು ಎತ್ತು ಕಡಿಯುವವನು. ಸಾಮಾನ್ಯ ಅಡುಗೆಯವನು ತಿಂಗಳಿಗೊಂದು ಚೂರಿ ಬದಲಿಸುತ್ತಾನೆ, ಒಳ್ಳೆಯವನು ವರ್ಷಕ್ಕೊಂದು, ಇವನ ಚೂರಿ ಹತ್ತೊಂಬತ್ತು ವರ್ಷದಿಂದ ಈಗಷ್ಟೇ ಸಾಣೆ ಹಿಡಿದಂತಿದೆ, ಏಕೆಂದರೆ ಅದು ಕೀಲುಗಳ ಸಂದಿಯಲ್ಲಷ್ಟೇ ಸಾಗುತ್ತದೆ. ಸಿಕ್ಕಿನ ಜಾಗ ಬಂದಾಗ ಅವನೂ ತಡೆಯುತ್ತಾನೆ, ಕಣ್ಣು ಕೀಲಿಸುತ್ತಾನೆ, ಚೂರಿಯನ್ನು ಕೂದಲೆಳೆಯಷ್ಟೇ ಸರಿಸುತ್ತಾನೆ. ಶಾಖಾಹಾರಿ ಮನೆಯ ಸಣ್ಣ ಮಕ್ಕಳಿಗೆ, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವವರಿಗೆ, ಇದು ಗಂಟಲಲ್ಲಿ ಇಳಿಯುವುದಿಲ್ಲ. ಎತ್ತನ್ನು ಗುಟ್ಟಾಗಿ ಕುಂಬಳಕಾಯಿ ಮಾಡಬೇಡಿ, ಕುಂಬಳಕ್ಕೆ ಕೀಲಿಲ್ಲ, ಕತೆಯೇ ಸಾಯುತ್ತದೆ. ಹದಿಮೂರು ದಾಟಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಚಿಕ್ಕವರಿಗೆ ಜೀರುಂಡೆ ಹಿಡಿಯುವವನೇ ಸಾಕು. ಲಾವೋತ್ಸುವಿನ ಇನ್ನೊಂದು ಮಾತು, ದೊಡ್ಡ ನಾಡನ್ನು ಆಳುವುದು ಸಣ್ಣ ಮೀನು ಬೇಯಿಸಿದಂತೆ ಎಂಬುದನ್ನು ಮಾತ್ರ ಹೇಳಿಯೇ ಬದಲಿಸಬಹುದು: ಹಂಚಿನ ಮೇಲಿನ ಜೋಳದ ರೊಟ್ಟಿಯನ್ನೂ ಪದೇ ಪದೇ ಮಗುಚಿದರೆ ಮುರಿಯುತ್ತದೆ, ಜೋಳಕ್ಕೆ ಗೋದಿಯ ಜಿಗುಟಿಲ್ಲ.

ಅತ್ತೆಯವರಿಗೆ ಏನು ಹೇಳುವುದು? ತಾವೋ ಹೆಸರಿನಲ್ಲಿ ಎರಡಿವೆ. ಲಾವೋತ್ಸು ಮತ್ತು ಚುವಾಂಗ್‌ತ್ಸು ಹೆಸರಿನ ಗ್ರಂಥಗಳು ಕ್ರಿಸ್ತಪೂರ್ವದವು. 1993ರಲ್ಲಿ ಚೀನಾದ ಗುವೋದ್ಯೆನ್‌ನ ಗೋರಿಯಲ್ಲಿ ಸಿಕ್ಕ ಬಿದಿರ ಪಟ್ಟಿಗಳಲ್ಲಿ ಲಾವೋತ್ಸುವಿನ ಭಾಗಗಳಿವೆ, ಅವು ಸುಮಾರು ಕ್ರಿ.ಪೂ. 300ರ ಕಾಲದವು. ದೇವರು, ಪೂಜಾರಿ, ದೀಕ್ಷೆ ಇರುವ ಸಂಘಟಿತ ಧರ್ಮ ಕ್ರಿ.ಶ. 142ರಲ್ಲಿ ಚಾಂಗ್ ತಾವೋಲಿಂಗ್‌ನಿಂದ ಆರಂಭವಾಯಿತೆಂದು ಆ ಪರಂಪರೆಯೇ ಹೇಳುತ್ತದೆ. ನೀವು ಹೇಳುವುದು ಮೊದಲನೆಯದರ ಕತೆ, ಅದಕ್ಕೆ ಯಾರ ದೀಕ್ಷೆಯೂ ಬೇಡ. ಅಲ್ಲಮನ ಬಯಲಿಗೂ ಲಾವೋತ್ಸುವಿನ ಖಾಲಿಗೂ ಹೋಲಿಕೆ ಕಾಣುತ್ತದೆ, ಆದರೆ ಎರಡೂ ಒಂದೇ ಎಂದು ಅತ್ತೆಯವರನ್ನು ಒಲಿಸಹೋಗಬೇಡಿ. ಅಲ್ಲಮನ ಬಯಲು ಗುಹೇಶ್ವರನಿಗೆ ಮಾತಾಡುತ್ತದೆ, ಲಾವೋತ್ಸುವಿನದಕ್ಕೆ ಕೂಗಿ ಕರೆಯುವ ಹೆಸರೇ ಇಲ್ಲ. ಇಲ್ಲಿಂದಲೇ ಅಲ್ಲಿಗೆ ಹೋಯಿತು ಎಂಬ ಮೊಬೈಲಿನ ಹೆಮ್ಮೆಗೂ ಆಧಾರವಿಲ್ಲ. ಬೇಕಾದರೆ ಅತ್ತೆಯವರನ್ನೇ ಒಂದು ರವಿವಾರ ವಚನ ಹೇಳಲು ಕೂಡಿಸಿ. ಮಕ್ಕಳು ತಾವೇ ಹೋಲಿಸಿಕೊಳ್ಳುತ್ತಾರೆ. ಒಂದು ಸಣ್ಣ ವ್ಯತ್ಯಾಸ ಅವರಿಗೆ ಮಜಾ ಕೊಡುತ್ತದೆ: ನಮ್ಮ ಗಾದೆಯಲ್ಲಿ ತುಂಬಿದ ಕೊಡ ತುಳುಕುವುದಿಲ್ಲ, ಲಾವೋತ್ಸುವಿನ 9ನೇ ಅಧ್ಯಾಯದಲ್ಲಿ ಅಂಚಿನ ತನಕ ತುಂಬುವುದಕ್ಕಿಂತ ಮೊದಲೇ ನಿಲ್ಲಿಸುವುದು ಲೇಸು.

ಎಲ್ಲಿ ಈ ತತ್ವವನ್ನು ತರಬಾರದು ಎಂಬುದೂ ಸ್ಪಷ್ಟವಿರಲಿ. ಜ್ವರ ಇಳಿಯದ ಕೂಸಿಗೆ, ಶಾಲೆಯಲ್ಲಿ ಹೊಡೆತ ತಿನ್ನುತ್ತಿರುವ ಮಗುವಿಗೆ, ಊಟ ಮಾತು ಬಿಟ್ಟು ಕೋಣೆ ಸೇರಿದವರಿಗೆ, ಸಾಲದ ನೋಟಿಸು ಬಂದ ಮನೆಗೆ 'ಬಿಟ್ಟುಬಿಡು, ಹರಿಯಲಿ' ಅನ್ನುವುದು ಕ್ರೌರ್ಯ. ಅಲ್ಲಿ ಬೇಕಾದವರು ಡಾಕ್ಟರು, ಹೆಡ್‌ಮಾಸ್ತರರು, ವಕೀಲರು.

ಇನ್ನು ನಿಮ್ಮ ಮಗ. 20ನೇ ಅಧ್ಯಾಯದ ಮೊದಲ ಸಾಲಿನ ಬೆನ್ನಿಗೇ ಲಾವೋತ್ಸು ಕೇಳುವುದು, ವಿನಯದ 'ಹೌದು'ಗೂ ಒರಟು 'ಹೂಂ'ಗೂ ಎಷ್ಟು ದೂರ ಎಂದು. 'ಹೌದ್ರೀ'ಗೂ 'ಹೂಂ'ಗೂ ಅಂದರೆ ನಮ್ಮ ಕಡೆಯವರಿಗೆ ಕೂಡಲೇ ತಿಳಿಯುತ್ತದೆ. ಲಾವೋತ್ಸು ಬಿಡು ಎಂದ ಕಲಿಕೆ ಮೇಲುಕೀಳಿನ ಶಿಷ್ಟಾಚಾರದ ಕಲಿಕೆ ಎಂದು ಓದುವುದು ಇದರಿಂದ. ಬೀಜಗಣಿತದ ಮಾತು ಅಲ್ಲಿಲ್ಲ.

ಟ್ಯೂಷನ್ ತಪ್ಪಿಸುವ ಎಂಟನೇ ಇಯತ್ತೆಯವರು ಬಹಳ ಸಲ ಭಿನ್ನರಾಶಿಯಲ್ಲೇ, ಅಂದರೆ ಐದು-ಆರನೇ ಇಯತ್ತೆಯಲ್ಲೇ, ಎಲ್ಲೋ ಕೈ ತಪ್ಪಿಹೋದವರಾಗಿರುತ್ತಾರೆ. ಮೇಲಿನದನ್ನು ಜಗ್ಗಿದಷ್ಟೂ ಬೇರು ಸಡಿಲ. ಆರನೇ ಇಯತ್ತೆಯ ಪುಸ್ತಕದಿಂದ ದಿನಕ್ಕೆ ಐದು ಲೆಕ್ಕ, ಇಪ್ಪತ್ತು ನಿಮಿಷ, ಮಾರ್ಕು ಹಾಕದೆ ಮಾಡಿಸಿ. ಎಲ್ಲಿ ಪೆನ್ಸಿಲು ನಿಲ್ಲುತ್ತದೆ ಎಂದು ಹತ್ತು ದಿನ ಬರಿದೇ ಗುರುತು ಹಾಕಿಕೊಳ್ಳಿ, ಆಮೇಲೆ ಅಷ್ಟನ್ನೇ ಟ್ಯೂಷನ್ ಮಾಸ್ತರರಿಗೆ ತೋರಿಸಿ. ಮಾರ್ಕು ಏಕೆ ಬೇಡವೆಂದರೆ, ಅದೇ ಚುವಾಂಗ್‌ತ್ಸು 19ನೇ ಅಧ್ಯಾಯದಲ್ಲಿ ಪಂದ್ಯದ ಮಾತಿದೆ. ಹಂಚಿನ ಚೂರು ಪಣಕ್ಕಿಟ್ಟವನ ಕೈ ಚುರುಕು, ಸೊಂಟಪಟ್ಟಿಯ ಕೊಕ್ಕೆ ಇಟ್ಟವನಿಗೆ ಅಳುಕು, ಬಂಗಾರ ಇಟ್ಟವನಿಗೆ ಕಣ್ಣು ಕತ್ತಲೆ. ಕೈ ಅದೇ, ಗುರಿ ಅದೇ. ಗುಂಡಾ ಆಡುವಾಗ ರೊಕ್ಕ ಕಟ್ಟಿದ ಕೂಡಲೇ ಬೆರಳು ನಡುಗಿದ್ದು ನಿಮಗೂ ನೆನಪಿರಬಹುದು.

ಟ್ಯೂಷನ್ ತಪ್ಪಿಸಿದ್ದಕ್ಕೆ ಶಿಕ್ಷೆ ಬೇಕೇ ಬೇಕು ಎಂದು ಮನೆಯವರು ಅಂದರೆ, ಒಂದು ಸಾಲು ಓದಿ ಬಂದವನಿಗೆ 20ನೇ ಅಧ್ಯಾಯ ಪೂರಾ ಗಟ್ಟಿಯಾಗಿ ಓದಿಸಿ. ಒಂದೇ ಪುಟ ಇದೆ. ಅದರ ನಡುವೆ ಲಾವೋತ್ಸು, ಎಲ್ಲರೂ ಹಬ್ಬದೂಟಕ್ಕೆ ಕೂತವರಂತೆ ಇದ್ದಾರೆ, ನಾನೊಬ್ಬನೇ ಇನ್ನೂ ನಗಲು ಕಲಿಯದ ಕೂಸಿನಂತೆ ದಿಕ್ಕು ತೋಚದೆ ನಿಂತಿದ್ದೇನೆ ಎಂದು ಹೇಳಿಕೊಳ್ಳುತ್ತಾನೆ. ಅಲ್ಲಿಗೆ ಬಂದಾಗ ಹುಡುಗನನ್ನು ತಡೆದು, ಕ್ಲಾಸಿನಲ್ಲಿ ನಿನಗೂ ಹಿಂಗ ಅನ್ನಿಸ್ತದೇನು ಎಂದು ಕೇಳಿ ನೋಡಿ.